ಮೇಷ್ಟ್ರು ತಂದ ಗಾಜಿನ ಭರಣಿ

1986ರ ಮಳೆಗಾಲ. ನಾವು ಸಿವಿಲ್ ಮೂರನೇ ವರ್ಷದಲ್ಲಿದ್ದೆವು. ಸಾಯಿಲ್ ಮೆಕ್ಯಾನಿಕ್ಸ್, ಅಂದರೆ ಮಣ್ಣಿನ ಗುಣ, ಬಲ ಕಲಿಸುವ ತರಗತಿಗೆ ಮೇಷ್ಟ್ರು ಒಂದು ಗಾಜಿನ ಭರಣಿ ಹಿಡಿದುಕೊಂಡು ಬಂದರು. ಮನೆಯ ಉಪ್ಪಿನಕಾಯಿ ಭರಣಿ. ಅದರ ತುಂಬ ನೀರು ಕುಡಿದ ಸಣ್ಣ ಮರಳು. ಮೇಲೊಂದು ಕಲ್ಲು ಇಟ್ಟರು. ಕಲ್ಲು ಗಟ್ಟಿಯಾಗಿ ಕೂತಿತು. ಆಮೇಲೆ ಡಸ್ಟರ್‌ನಿಂದ ಭರಣಿಯ ಪಕ್ಕಕ್ಕೆ ಟಕ್ ಟಕ್ ಅಂತ ಬಡಿದರು. ಕಲ್ಲು ಸದ್ದಿಲ್ಲದೆ ಮುಳುಗಿಹೋಯಿತು.

"ಫೋರ್ಟ್ ಪೆಕ್‌ನಲ್ಲಿ ಎಂಟು ಜನ ಹೀಗೇ ಹೋದರು" ಅಂದರು. ಇಡೀ ತರಗತಿ ಸುಮ್ಮನಾಯಿತು.

ಫೋರ್ಟ್ ಪೆಕ್ ಇರುವುದು ಅಮೆರಿಕದ ಮೊಂಟಾನಾ ರಾಜ್ಯದಲ್ಲಿ, ಮಿಸ್ಸೌರಿ ನದಿಗೆ ಕಟ್ಟಿದ ಮಣ್ಣಿನ ಅಣೆಕಟ್ಟು. ಮೇಷ್ಟ್ರು ಬೋರ್ಡಿನ ಮೇಲೆ ಅದರ ಅಡ್ಡಸೀಳು ಬರೆದರು. ಬರೆದು, ನಮ್ಮ ಕಡೆ ತಿರುಗಿ, "ಇದನ್ನು ಯಾಕೆ ಕಟ್ಟಿದರು?" ಅಂತ ಕೇಳಿದರು. ಒಬ್ಬ ಕರೆಂಟಿಗೆ ಅಂದ. ಇನ್ನೊಬ್ಬ ನೀರಾವರಿಗೆ ಅಂದ.

"ಕೆಲಸ ಶುರುವಾಗಿದ್ದು 1933ರಲ್ಲಿ. ಮೊದಲ ಕರೆಂಟು ಬಂದಿದ್ದು 1943ರಲ್ಲಿ. ನದಿಯಲ್ಲಿ ಹಡಗು ಓಡಿಸಬೇಕು, ನೆರೆ ತಡೀಬೇಕು ಅಂತ ಕಾಗದದಲ್ಲಿ ಬರೆದರು. ಅದೂ ಸುಳ್ಳಲ್ಲ. ಆದರೆ ಅವಸರ ಇದ್ದದ್ದು ಹೊಟ್ಟೆಗೆ. ಅದು ಬರಗಾಲದ ಕಾಮಗಾರಿ ಕಣ್ರಯ್ಯಾ."

ಆ ಮಾತು ಕೇಳಿ ನನ್ನ ಎದೆ ಧಸಕ್ ಅಂದಿತು. ನಾನು ಬಿಜಾಪುರ ಕಡೆಯವನು. 1972ರ ಬರದಲ್ಲಿ ನಮ್ಮ ಅವ್ವ ರಸ್ತೆ ಬದಿಯಲ್ಲಿ ಕೂತು ಖಡಿ ಒಡೆದವಳು. ಆಗ ನನಗೆ ಆರು ವರ್ಷ. ಪಕ್ಕದಲ್ಲೇ ಗೋಣಿಚೀಲದ ನೆರಳಲ್ಲಿ ನನ್ನನ್ನು ಕೂರಿಸುತ್ತಿದ್ದಳು. ಸಂಜೆ ಅವಳ ಅಂಗೈ ತುಂಬ ಬೊಬ್ಬೆ. ಹಾಸ್ಟೆಲಿನಲ್ಲಿ ಈ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ನಾಚಿಕೆ ಆಗುತ್ತಿತ್ತು. ಅದೇ ಮಾತನ್ನು ಮೇಷ್ಟ್ರು ಅಮೆರಿಕದ ದೊಡ್ಡ ಅಣೆಕಟ್ಟಿಗೆ ಆಡಿದರು, ಅದೂ ಎಂಥ ಗೌರವದಿಂದ!

ಆಮೇಲೆ ಪಾಠ ಮುಂದುವರಿಯಿತು. ಪಾಠ ಅನ್ನುವುದಕ್ಕಿಂತ ಕಥೆ ಅನ್ನಬೇಕು. 1929ರಲ್ಲಿ ಷೇರುಪೇಟೆ ಬಿದ್ದು, ಗೋಧಿಗೆ ಬೆಲೆ ಇಲ್ಲದಾಯಿತು. ಮೇಲೆ ಬರ ಬೇರೆ. ಮೊಂಟಾನಾದ ರೈತರ ಹೊಲ ಧೂಳಾಗಿ ಹಾರಿತು. ರೂಸ್‌ವೆಲ್ಟ್ ಸರ್ಕಾರ ಪಬ್ಲಿಕ್ ವರ್ಕ್ಸ್ ಅಡ್ಮಿನಿಸ್ಟ್ರೇಷನ್ ಮೂಲಕ ದುಡ್ಡು ಕೊಟ್ಟಿತು, ಸೈನ್ಯದ ಎಂಜಿನಿಯರುಗಳು ಕೆಲಸಕ್ಕೆ ಇಳಿದರು. ಕೂಲಿ ಗಂಟೆಗೆ 50 ಸೆಂಟ್. 1936ರ ಬೇಸಿಗೆಯಲ್ಲಿ 10,500ಕ್ಕೂ ಹೆಚ್ಚು ಜನ ಅಲ್ಲಿ ದುಡಿಯುತ್ತಿದ್ದರು. ಬಯಲಿನಲ್ಲಿ ಹಲಗೆ, ತಗಡಿನ ಗುಡಿಸಲುಗಳ ಊರುಗಳೇ ಎದ್ದವು. ಒಂದು ಊರಿಗೆ ಅವರು ನ್ಯೂ ಡೀಲ್ ಅಂತಲೇ ಹೆಸರಿಟ್ಟರಂತೆ. ಕೂಲಿ ಕೊಟ್ಟ ಯೋಜನೆಯ ಹೆಸರನ್ನೇ ಊರಿಗೆ ಇಡುವುದು ಅಂದರೆ ಆ ಕೂಲಿ ಎಷ್ಟು ಬೇಕಾಗಿತ್ತು ನೋಡಿ!

ಕಟ್ಟಿದ ರೀತಿ ಇನ್ನೂ ಸೋಜಿಗ. ಸಮುದ್ರದ ಸುಳಿವೇ ಇಲ್ಲದ ಆ ಹುಲ್ಲುಗಾವಲಿನಲ್ಲಿ ನಾಲ್ಕು ದೊಡ್ಡ ಡ್ರೆಜರ್ ದೋಣಿಗಳನ್ನು ಅಲ್ಲೇ ಕಟ್ಟಿದರು. ಅವು ನದಿಯ ಮರಳು, ಮಣ್ಣನ್ನು ನೀರಿನ ಜೊತೆ ಹೀರಿ ಪೈಪಿನಲ್ಲಿ ಒಡ್ಡಿನ ಮೇಲಕ್ಕೆ ದೂಡುತ್ತಿದ್ದವು. ದಪ್ಪ ಮರಳು ಅಂಚಿನಲ್ಲಿ ನಿಲ್ಲುತ್ತಿತ್ತು, ನಯವಾದ ಮಣ್ಣು ನಡುವಿನ ಕೊಳದಲ್ಲಿ ತಳ ಸೇರುತ್ತಿತ್ತು. ನೀರೇ ಮಣ್ಣನ್ನು ಜರಡಿ ಹಿಡಿದು ಗೋಡೆ ಕಟ್ಟುತ್ತಿತ್ತು. ಇದಕ್ಕೆ ಹೈಡ್ರಾಲಿಕ್ ಫಿಲ್ ಅನ್ನುತ್ತಾರೆ.

1938ರ ಸೆಪ್ಟೆಂಬರ್ 22ರ ಮಧ್ಯಾಹ್ನ ಒಡ್ಡಿನ ಪೂರ್ವದ ತುದಿ, ನೀರಿನ ಕಡೆಯ ಇಳಿಜಾರು, ಹಾಗೇ ಜಾರಿತು. ಕೆಲವೇ ನಿಮಿಷ. ರೈಲು ಹಳಿ, ಪೈಪು, ಯಂತ್ರ, ಜನ, ಎಲ್ಲ ಒಟ್ಟಿಗೆ. ಎಂಟು ಜನ ಸತ್ತರು. ಆರು ಜನರ ದೇಹ ಸಿಗಲೇ ಇಲ್ಲ. ಅಡಿಯ ಶೇಲ್ ಕಲ್ಲಿನಲ್ಲಿದ್ದ ಬೆಂಟೊನೈಟ್ ಎಂಬ ನುಣುಪು ಜೇಡಿಮಣ್ಣಿನ ಪದರ ಜಾರಿತು ಅಂತ ಕೆಲವು ತಜ್ಞರು ಹೇಳಿದರು. ನೀರು ತುಂಬಿದ ಮರಳೇ ದ್ರವದಂತೆ ಹರಿಯಿತು ಅಂತ ಇನ್ನು ಕೆಲವರು. ಮೇಷ್ಟ್ರ ಭರಣಿ ಎರಡನೆಯ ಮಾತಿನದು. ಇಳಿಜಾರನ್ನು ಇನ್ನಷ್ಟು ಚಪ್ಪಟೆ ಮಾಡಿ 1940ರಲ್ಲಿ ಕೆಲಸ ಮುಗಿಸಿದರು. ಆಮೇಲೆ ಅಮೆರಿಕದಲ್ಲಿ ದೊಡ್ಡ ಅಣೆಕಟ್ಟುಗಳಿಗೆ ಈ ವಿಧಾನವನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟರು.

ಅವತ್ತು ತರಗತಿ ಮುಗಿದ ಮೇಲೆ ನಾನು ಮೇಷ್ಟ್ರ ಹಿಂದೆ ಹೋಗಿ ಅವ್ವನ ವಿಷಯ ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಅವರು ಭರಣಿಯನ್ನು ಕಟ್ಟೆಯ ಮೇಲಿಟ್ಟು ಕೇಳಿಸಿಕೊಂಡರು. "ಆ ರಸ್ತೆ ಈಗಲೂ ಇದೆಯಾ?" ಅಂದರು. ಇದೆ ಸಾರ್, ಬಸ್ಸು ಓಡಾಡುತ್ತೆ ಅಂದೆ. "ಮತ್ತೇನು? ನಿನಗಿಂತ ಮೊದಲು ನಿಮ್ಮಮ್ಮ ಸಿವಿಲ್ ಕೆಲಸ ಮಾಡಿದಾರೆ" ಅಂದು ಬೆನ್ನು ತಟ್ಟಿದರು. ಆ ವರ್ಷ ದಸರಾ ರಜೆಗೆ ಇಬ್ಬರು ಗೆಳೆಯರನ್ನು ಊರಿಗೆ ಕರೆದುಕೊಂಡು ಹೋದೆ. ಆ ರಸ್ತೆ ತೋರಿಸಿದೆ.

2009ರಲ್ಲಿ ಕಂಪನಿ ಕೆಲಸಕ್ಕೆ ಅಮೆರಿಕಕ್ಕೆ ಹೋದಾಗ ಎರಡು ದಿನ ರಜೆ ಹಾಕಿ ಫೋರ್ಟ್ ಪೆಕ್ ನೋಡಿ ಬಂದೆ. ಗ್ಲಾಸ್ಗೋ ಎಂಬ ಸಣ್ಣ ಊರಿನಿಂದ ಸ್ವಲ್ಪವೇ ದೂರ. ಒಡ್ಡಿನ ಉದ್ದ 21,026 ಅಡಿ, ಅಂದರೆ ಆರು ಕಿಲೋಮೀಟರಿಗೂ ಜಾಸ್ತಿ. ನೋಡಿದರೆ ಅಣೆಕಟ್ಟು ಅನ್ನಿಸುವುದೇ ಇಲ್ಲ, ಹುಲ್ಲು ಬೆಳೆದ ಗುಡ್ಡ. ಕೂಲಿಗಳ ಕಾಲದ ಸಿನಿಮಾ ಥಿಯೇಟರು ಇನ್ನೂ ನಿಂತಿದೆ, ಬೇಸಿಗೆಯಲ್ಲಿ ಅಲ್ಲಿ ನಾಟಕ ಆಡುತ್ತಾರೆ. ಹೆಚ್ಚಾದ ನೀರನ್ನು ಹೊರಬಿಡುವ ಸ್ಪಿಲ್‌ವೇ ದೂರದಲ್ಲಿದೆ. 1936ರ ನವೆಂಬರ್‌ನಲ್ಲಿ ಲೈಫ್ ಪತ್ರಿಕೆಯ ಮೊಟ್ಟಮೊದಲ ಸಂಚಿಕೆಯ ಮುಖಪುಟಕ್ಕೆ ಮಾರ್ಗರೆಟ್ ಬರ್ಕ್-ವೈಟ್ ತೆಗೆದದ್ದು ಇದೇ ಸ್ಪಿಲ್‌ವೇ ಚಿತ್ರ. ಆ ಕಾಂಕ್ರೀಟ್ ಕಂಬಗಳ ಬುಡದಲ್ಲಿ ಇಬ್ಬರು ಮನುಷ್ಯರು ಇರುವೆಯಷ್ಟು ಕಾಣುತ್ತಾರೆ. ಮೇಷ್ಟ್ರು ಇದ್ದಿದ್ದರೆ ಮೊದಲು ಅವರ ಮೇಲೆ ಬೆರಳಿಡುತ್ತಿದ್ದರು.

ಒಡ್ಡಿನ ಮೇಲೆ ಹೆದ್ದಾರಿ ಇದೆ. ಪೂರ್ವದ ತುದಿಯ ಹತ್ತಿರ ಕಾರು ನಿಲ್ಲಿಸಿ ಊರಿಗೆ ಫೋನ್ ಮಾಡಿದೆ. ಅವ್ವನಿಗೆ ಎಲ್ಲ ಹೇಳಿದೆ. ಬರ, ಕೂಲಿ, ಗುಡಿಸಲು, ಆರು ಜನ.

"ಏನು ಪಗಾರ ಕೊಡ್ತಿದ್ರಂತ?" ಅಂತ ಮೊದಲು ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಆ ಆರು ಮಂದಿ ಇನ್ನೂ ಅದರಾಗ ಅದಾರೇನು?"

"ಹೌದವ್ವ."

"ಮ್ಯಾಲೆ ಗಾಡಿ ಓಡಾಡ್ತಾವು?"

"ಓಡಾಡ್ತಾವು."

"ಹಂಗಾರ ಸಾವಕಾಶ ಹೋಗಪ್ಪ" ಅಂದಳು.