ಎಲ್ಲ ಸಿಕ್ತಲ್ಲ, ಮತ್ಯಾಕೆ ಬೆಳೀಲಿಲ್ಲ?

"ತರಬೇತಿ ಸಿಕ್ತು, ಸಾಲ ಸಿಕ್ತು, ಸಬ್ಸಿಡಿನೂ ಸಿಕ್ತು. ಮತ್ಯಾಕೆ ನಿನ್ನ ಹಪ್ಪಳ ಶಿರಸಿ ದಾಟಲಿಲ್ಲ?"

ಮದುವೆ ಮನೆಗೆ ಹೋದರೆ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. ಹೋದ ವಾರದ ಸರದಿ ಬೆಂಗಳೂರಿನ ಭಾವನದು. ಪಂಕ್ತಿಯಲ್ಲಿ ಕೂತು, ನನ್ನದೇ ಹಪ್ಪಳ ಮೂರನೇದು ಮುರಿಯುತ್ತಾ ಕೇಳಿದರು. ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ.

ಈ "ಸಿಕ್ತು" ಅನ್ನೋ ಮಾತೇ ನನಗೆ ಆಗೋದಿಲ್ಲ. ಲಾಟರಿಯಾ ಅದು? ಪಿಎಂಇಜಿಪಿ ಅಂದರೆ ಸಣ್ಣ ಉದ್ಯಮ ಶುರು ಮಾಡೋರಿಗೆ ಸಾಲ, ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಯೋಜನೆ. ಅದರಲ್ಲಿ ಹಳ್ಳಿಯ ಹೆಂಗಸರಿಗೆ ಶೇ. 35 ಸಬ್ಸಿಡಿ, ನಿಜ. 4 ಲಕ್ಷದ ಘಟಕಕ್ಕೆ 1.40 ಲಕ್ಷ. ಆದರೆ ಅದು ಕೈಗೆ ಬರುವ ದುಡ್ಡಲ್ಲ. 3 ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿದ್ದು, ಆಮೇಲೆ ಸಾಲಕ್ಕೆ ಜಮಾ. ಅಷ್ಟಕ್ಕೆ ಬಡ್ಡಿ ಹಾಕೋದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ತರಬೇತಿಯನ್ನು ಬೈಯೋದಿಲ್ಲ. ಲೆಕ್ಕ ಬರೆಯೋದು, ಪ್ಯಾಕೆಟ್ ಸೀಲ್ ಮಾಡೋದು ಅಲ್ಲೇ ಕಲಿತದ್ದು. ಊಟವೂ ಚೆನ್ನಾಗಿತ್ತು. ಕೊನೆ ದಿನ ಸರ್ಟಿಫಿಕೇಟ್ ಹಿಡಿದು ಫೋಟೋಕ್ಕೆ ನಿಂತಾಗ ಆಚೀಚೆ ನೋಡಿದೆ. ಇಪ್ಪತ್ತೆಂಟು ಹೆಂಗಸರು. ಎಲ್ಲರ ಮನೆಯಲ್ಲೂ ಹಲಸಿನ ಮರ, ಎಲ್ಲರೂ ಕಲಿತದ್ದು ಹಲಸಿನಕಾಯಿ ಹಪ್ಪಳ, ಎಲ್ಲರೂ ಮಾರಬೇಕಾದ್ದು ಶಿರಸಿ ಪೇಟೆಯ ಅವೇ ಅಂಗಡಿಗಳಿಗೆ. ವರದಿಯಲ್ಲಿ ಇಪ್ಪತ್ತೆಂಟು ಉದ್ಯಮಿಗಳು ತಯಾರಾದರು. ಕೊಳ್ಳುವವರನ್ನು ಯಾರು ತಯಾರು ಮಾಡಬೇಕಿತ್ತೋ! ಮರುವರ್ಷ ಅಂಗಡಿಯ ಹುಡುಗ, "ಅಕ್ಕಾ, ಇವರು ಐದು ರೂಪಾಯಿ ಕಮ್ಮಿಗೆ ಕೊಡ್ತಾರೆ ನೋಡಿ" ಅಂತ ಒಂದು ಪ್ಯಾಕೆಟ್ ತೋರಿಸಿದ. ಫೋಟೋದಲ್ಲಿ ನನ್ನ ಪಕ್ಕ ನಿಂತವಳದು.

ಇನ್ನು ಬಿಸಿಲು. ಹಲಸಿನ ಸೊಳೆ ಬೇಯಿಸಿ, ಉಪ್ಪು ಖಾರ ಹಾಕಿ ಅರೆದು, ಒತ್ತಿ, ಅಂಗಳದಲ್ಲಿ ಹರವಬೇಕು. ಜೂನ್‌ನಲ್ಲಿ ಮಳೆ ಹಿಡಿದರೆ ಎರಡೇ ದಿನಕ್ಕೆ ಬೂಷ್ಟು. ಬ್ಯಾಂಕಿನ ಕಂತಿಗೆ ಮಾತ್ರ ಮಳೆಗಾಲದ ರಜೆ ಇಲ್ಲ. ಭಾವನಿಗೆ ಇದನ್ನು ಹೇಳಿದರೆ "ಸ್ಕೇಲ್ ಅಪ್ ಮಾಡು, ಡ್ರೈಯರ್ ಹಾಕು" ಅಂದರು. ಅಂದರೆ ಇನ್ನೊಂದು ಸಾಲ, ಅಲ್ವಾ?

ಯಾಕೆ ಬೆಳೀಲಿಲ್ಲ ಅಂತ ಕೇಳೋ ಬದಲು, ಅಂಗಡಿಗಳಿಂದ ನಿನಗೆ ಎಷ್ಟು ಬರಬೇಕು ಅಂತ ಒಬ್ಬರಾದರೂ ಕೇಳಬಾರದಾ? ಮಾಲು ಇಟ್ಟು ಬರೋದು ನಾನು, ಮಾರಿದ ಮೇಲೆ ಕೊಡ್ತೇವೆ ಅನ್ನೋದು ಅವರು. ಇವತ್ತಿಗೆ ಹನ್ನೊಂದು ಅಂಗಡಿ, 43,000 ರೂಪಾಯಿ. ನೆಂಟರ ಹತ್ತಿರ ಬಾಕಿ ಕೇಳೋದು ಹೇಗೆ ಅನ್ನೋ ಪಾಠ ತರಬೇತಿಯಲ್ಲಿ ಇರಲಿಲ್ಲ.

ಅದರಲ್ಲಿ ಒಂದು ಚೌತಿಗಿಂತ ಮುಂಚಿನ ಬಾಕಿ. ಆ ಭಾವನ ತಮ್ಮನದೇ ಅಂಗಡಿ. ಆ ತಮ್ಮನೂ ಅವತ್ತು ಪಂಕ್ತಿಯಲ್ಲಿ ಭಾವನ ಪಕ್ಕದಲ್ಲೇ ಇದ್ದರು. ತಲೆ ಎತ್ತದೆ ಹಪ್ಪಳ ತಿನ್ನುತ್ತಿದ್ದರು.