ಪೀನಟ್ ಬಟರ್ ಕಪ್ ಮಾಡಿದ ಒಂದು ಮಧ್ಯಾಹ್ನ

ರೀಸಸ್ ಕಪ್ ಎಂದರೆ ಶೇಂಗಾ ಬೆಣ್ಣೆಯ (ಪೀನಟ್ ಬಟರ್) ಹೂರಣ ತುಂಬಿದ ಅಮೆರಿಕದ ಚಾಕೊಲೇಟ್ ಮಿಠಾಯಿ. ಅದರ ಒಳಗಿನ ಹೂರಣ ನುಣ್ಣಗಿರುವುದಿಲ್ಲ. ತುಸು ಪುಡಿಪುಡಿಯಾಗಿ, ಸಿಹಿಯ ಜೊತೆಗೇ ಉಪ್ಪು ನಾಲಿಗೆಗೆ ತಾಗುತ್ತದೆ. ಆ ರುಚಿಯನ್ನೇ ಗುರಿಯಾಗಿಟ್ಟುಕೊಂಡು ಭಾನುವಾರ ಒಲೆ ಹಚ್ಚಿದೆವು.

100 ಗ್ರಾಂ ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹೊಂಬಣ್ಣ ದಾಟುವವರೆಗೆ ಹುರಿದು, ಸಿಪ್ಪೆ ಉಜ್ಜಿ ಕೇರಿ, ಮಿಕ್ಸಿಗೆ ಹಾಕಿದ್ದಾಯಿತು. ಮೊದಲು ಪುಡಿ, ಆಮೇಲೆ ಮುದ್ದೆ, ಎಣ್ಣೆ ಬಿಟ್ಟ ಮೇಲೆ ಶೇಂಗಾ ಬೆಣ್ಣೆ. ನೀರು ಸೋಕಿಸಬಾರದು. 40 ಗ್ರಾಂ ಸಕ್ಕರೆ ಪುಡಿ, ಕಾಲು ಟೀ ಚಮಚ ಉಪ್ಪು ಬೆರೆಸಿ, ಕೈಯಲ್ಲಿ ಉಂಡೆ ಕಟ್ಟಲು ಬಂದರೆ ಹದ ಸರಿ. ಉಪ್ಪು ಕಡಿಮೆ ಮಾಡಿದರೆ ಅದು ಬರೀ ಶೇಂಗಾ ಉಂಡೆಯಾಗುತ್ತದೆ.

ಈ ಕಪ್‌ಗೆ ಹೆಸರು ಕೊಟ್ಟ ಹ್ಯಾರಿ ಬರ್ನೆಟ್ ರೀಸ್ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಚಾಕೊಲೇಟ್ ತಯಾರಿಸುವ ಹರ್ಶಿ ಕಂಪನಿಯ ಡೈರಿಯಲ್ಲಿ ದುಡಿದವರು. 1923ರಲ್ಲಿ ಸ್ವಂತ ಮಿಠಾಯಿ ಕಂಪನಿ ಕಟ್ಟಿದರು, 1928ರಲ್ಲಿ ಈ ಕಪ್ ತಂದರು. ಹೊರಗಿನ ಚಾಕೊಲೇಟ್ ಹರ್ಶಿಯದೇ. ಎರಡನೇ ಮಹಾಯುದ್ಧದಲ್ಲಿ ಸಕ್ಕರೆಗೆ ಬರ ಬಂದಾಗ ಉಳಿದ ಮಿಠಾಯಿಗಳನ್ನೆಲ್ಲ ಬಿಟ್ಟು ಇದೊಂದನ್ನೇ ಉಳಿಸಿಕೊಂಡರು. ಕಡಿಮೆ ಸಕ್ಕರೆ ಬೇಡುವ ಶೇಂಗಾ ಹೂರಣವೇ ಅವರ ಕೈ ಹಿಡಿಯಿತು. ಈ ಕಪ್ ಮನೆಮಾತಾದದ್ದರ ಹಿಂದೆ ಆ ನಿರ್ಧಾರದ ಪಾಲು ದೊಡ್ಡದು ಎಂದು ನಮ್ಮ ನಂಬಿಕೆ. ರೀಸ್ 1956ರಲ್ಲಿ ತೀರಿಕೊಂಡರು. 1963ರಲ್ಲಿ ಕಂಪನಿ ಹರ್ಶಿಯೊಳಗೆ ಸೇರಿತು.

ಕಷ್ಟವಿರುವುದು ಚಾಕೊಲೇಟ್‌ನಲ್ಲಿ. 200 ಗ್ರಾಂ ಮಿಲ್ಕ್ ಚಾಕೊಲೇಟ್ ಚೂರು ಮಾಡಿ, ಮೂರರಲ್ಲಿ ಎರಡು ಪಾಲನ್ನು ಬಿಸಿನೀರಿನ ಮೇಲಿಟ್ಟ ಬಟ್ಟಲಲ್ಲಿ 45 ಡಿಗ್ರಿವರೆಗೆ ಕರಗಿಸಿ, ಉಳಿದದ್ದನ್ನು ಸೇರಿಸಿ ಕಲಕುತ್ತಾ 30 ಡಿಗ್ರಿಗೆ ಇಳಿಸಬೇಕು. ಒಂದೇ ಒಂದು ಹನಿ ನೀರು ಬಿದ್ದರೂ ಗಟ್ಟಿ ಗಂಟಾಗುತ್ತದೆ. ಬಿಸಿಯ ಈ ಹದ ತಪ್ಪಿದರೆ ಹೊಳಪಿಲ್ಲದೆ ಬೆರಳಿಗೆ ಅಂಟುವ ಚಾಕೊಲೇಟ್ ಸಿಗುತ್ತದೆ.

ಕಾಗದದ ಕಪ್‌ಗೆ ಒಂದು ಚಮಚ ಸುರಿದು, ಬದಿಗೆ ಬಳಿದು, ಹತ್ತು ನಿಮಿಷ ತಣ್ಣಗೆ ಬಿಟ್ಟು, 10 ಗ್ರಾಂ ಹೂರಣವನ್ನು ಬಿಲ್ಲೆ ತಟ್ಟಿ ಇಟ್ಟೆವು. ಅದು ಅಂಚಿಗೆ ತಾಗಬಾರದು, ತಾಗಿದರೆ ಮೇಲಿನ ಪದರ ಬಿರಿದು ಎಣ್ಣೆ ಹೊರಬರುತ್ತದೆ. ಹೂರಣ ಬಿಸಿಯಿದ್ದರೆ ತಳವೂ ಕರಗುತ್ತದೆ. ಮೇಲೆ ಚಾಕೊಲೇಟ್ ಮುಚ್ಚಿ ಫ್ರಿಜ್‌ನಲ್ಲಿ ಅರ್ಧ ಗಂಟೆ.

ಹದಿನಾಲ್ಕು ಕಪ್ ಆಗುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ಶೇಂಗಾ ಎಣ್ಣೆ ಮೆಲ್ಲಗೆ ಚಾಕೊಲೇಟ್‌ಗೆ ಇಳಿಯುವುದರಿಂದ ದಿನ ಕಳೆದಂತೆ ಅದು ಮೆತ್ತಗಾಗಿ ಬಿಳಿ ಮಚ್ಚೆ ಮೂಡಬಹುದು; ಅದು ಬೂಷ್ಟಲ್ಲ, ತಿನ್ನಬಹುದು.