ಎದೆಹಾಲು ಕುಡಿಯುವ ಮಗುವಿಗೆ ವಿಟಮಿನ್ ಡಿ ಹನಿ ಯಾಕೆ?

"ಬಸುರಿಯಾಗಿದ್ದಾಗ ನನಗೆ ವಿಟಮಿನ್ ಡಿ ಕಡಿಮೆ ಇತ್ತು. ಮಗುವಿಗೇನಾದರೂ ಆಗುತ್ತಾ? ಎದೆಹಾಲು ಕುಡಿಸ್ತಿದ್ದೀನಲ್ಲ, ಸಾಲದಾ?" ಬಾಣಂತಿಯರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು.

ಗಾಬರಿ ಬೇಡ. ಆದರೆ ಹನಿ ಬೇಕು.

ಹೊಟ್ಟೆಯೊಳಗಿನ ಮಗುವಿಗೆ ಡಿ ಸಿಗುವುದು ತಾಯಿಯಿಂದ ಮಾತ್ರ. ತಾಯಿಗೇ ಕಡಿಮೆ ಇದ್ದರೆ ಮಗುವಿಗೆ ಇನ್ನೂ ಕಡಿಮೆ. ಕ್ಯಾಲ್ಸಿಯಂ ಹಾಗಲ್ಲ. ತಾಯಿಗೆ ಡಿ ಕೊರತೆ ಇದ್ದರೂ ಮಾಸು ಕ್ಯಾಲ್ಸಿಯಂ ಎಳೆದು ಮಗುವಿಗೆ ಕೊಡುತ್ತಲೇ ಇರುತ್ತದೆ. ಹಾಗಾಗಿ ಹುಟ್ಟಿದಾಗ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಇರುತ್ತವೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಆ ದಾರಿ ಮುಚ್ಚಿತು. ಇನ್ನು ಮಗುವಿನ ಕರುಳೇ ಹಾಲಿನಿಂದ ಕ್ಯಾಲ್ಸಿಯಂ ಹೀರಿಕೊಳ್ಳಬೇಕು. ದಿನ ಕಳೆದಂತೆ ಅದಕ್ಕೆ ಡಿ ಇಲ್ಲದೆ ಆಗುವುದಿಲ್ಲ.

ಕೊರತೆ ತೀವ್ರವಾಗಿದ್ದರೆ ಮೊದಲ ವಾರಗಳಲ್ಲೇ ಕ್ಯಾಲ್ಸಿಯಂ ಇಳಿದು ಕೈಕಾಲು ಅದುರಬಹುದು, ಫಿಟ್ಸ್ ಕೂಡ ಬರಬಹುದು. ಅದುರುವ ಕೈಯನ್ನು ಮೆಲ್ಲಗೆ ಹಿಡಿದು ನೋಡಿ. ಹಿಡಿದರೂ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ನಿಂತರೂ ಮತ್ತೆ ಮತ್ತೆ ಆಗುತ್ತಿದ್ದರೆ ಡಾಕ್ಟರಿಗೆ ತೋರಿಸಿ. ರಿಕೆಟ್ಸ್, ಅಂದರೆ ಮೂಳೆ ಮೆತ್ತಗಾಗುವ ಕಾಯಿಲೆ, ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ತಿಂಗಳುಗಳ ನಂತರ: ಮಣಿಕಟ್ಟು ದಪ್ಪವಾಗುತ್ತದೆ, ಹಲ್ಲು ತಡವಾಗುತ್ತದೆ, ನಡೆಯಲು ಶುರು ಮಾಡಿದಾಗ ಕಾಲು ಬಾಗುತ್ತದೆ.

ಆಸ್ತಮಾ, ಅಲರ್ಜಿ ಎಲ್ಲಕ್ಕೂ ಡಿ ಕೊರತೆಯೇ ಕಾರಣ ಅಂತ ಹೇಳುವವರಿದ್ದಾರೆ. ಅಷ್ಟು ಗಟ್ಟಿ ಪುರಾವೆ ಇಲ್ಲ. ಸುಮ್ನೆ ತಲೆ ಕೆಡಿಸಿಕೊಂಡು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಇನ್ನು ಎದೆಹಾಲು. ಅದಕ್ಕೆ ಸಮನಾದ ಆಹಾರ ಬೇರೆ ಇಲ್ಲ, ನಿಜ. ಆದರೆ ಒಂದು ಲೀಟರ್ ಎದೆಹಾಲಿನಲ್ಲಿ ಸಾಮಾನ್ಯವಾಗಿ 100 ಯೂನಿಟ್ (IU) ಡಿ ಕೂಡ ಇರುವುದಿಲ್ಲ. ಮಗುವಿಗೆ ಬೇಕಾದದ್ದು ದಿನಕ್ಕೆ 400. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2008ರಿಂದ ಹೇಳುತ್ತಿರುವ ಲೆಕ್ಕವೂ ಇದೇ, ಅದೂ ಹುಟ್ಟಿದ ಮೊದಲ ದಿನಗಳಿಂದಲೇ. ತಾಯಿ ಮಾತ್ರೆ ನುಂಗಿದರೆ ಸಾಲದಾ ಅಂದರೆ, ಮಾಮೂಲಿ ಡೋಸ್‌ನಿಂದ ಹಾಲಿಗೆ ಅಷ್ಟು ಇಳಿಯುವುದಿಲ್ಲ. ಹಾಗಂತ ನೀವಾಗಿಯೇ ಡೋಸ್ ಏರಿಸಿಕೊಳ್ಳಬೇಡಿ.

ಬಿಸಿಲು? ಆರು ತಿಂಗಳೊಳಗಿನ ಮಗುವಿನ ಚರ್ಮ ತೀರಾ ನಾಜೂಕು, ನೇರ ಬಿಸಿಲು ಬೇಡ. ಕಿಟಕಿ ಗಾಜಿನ ಹಿಂದೆ ಮಲಗಿಸಿದರೂ ಪ್ರಯೋಜನವಿಲ್ಲ. ಡಿ ಆಗಲು ಬೇಕಾದ ಕಿರಣಗಳನ್ನು ಗಾಜೇ ತಡೆಯುತ್ತದೆ.

ಹನಿ ಹಾಕುವ ಮುಂಚೆ ಬಾಟಲಿ ಓದಿ. ಕೆಲವದರಲ್ಲಿ 400 ಯೂನಿಟ್ ಇರುವುದು 1 ಎಂಎಲ್‌ನಲ್ಲಿ, ಕೆಲವದರಲ್ಲಿ ಒಂದೇ ಹನಿಯಲ್ಲಿ. ಡ್ರಾಪರ್ ಅದಲು ಬದಲಾದರೆ ಡೋಸ್ ಹತ್ತಾರು ಪಟ್ಟು ಏರಬಹುದು. ಆಗ ಕ್ಯಾಲ್ಸಿಯಂ ಜಾಸ್ತಿಯಾಗಿ ವಾಂತಿ ಶುರುವಾಗುತ್ತದೆ, ಕಿಡ್ನಿಗೂ ಪೆಟ್ಟು. ಹೊಸ ಬಾಟಲಿ ತಂದಾಗ ಇನ್ನೊಮ್ಮೆ ಓದಿ, ಅದರ ಜೊತೆ ಬಂದ ಡ್ರಾಪರನ್ನೇ ಬಳಸಿ.